ಹಳೆಯ ಜೀಪಿನ ಕ್ಲಚ್ಚು: ದೋಷಪರೀಕ್ಷೆಯೂ ಬದಲಾವಣೆಯೂ

ಮಲೆನಾಡಿನಲ್ಲಿಯೂ ಕೊಡಗಿನಲ್ಲಿಯೂ ಅಡಿಕೆ, ಕಾಫಿ ತೋಟಗಳನ್ನುಳ್ಳ ಯಜಮಾನರ ಮನೆಗಳಲ್ಲಿ ಹಳೆಯ ಜೀಪೊಂದು ಕೊಟ್ಟಿಗೆಯ ಪಕ್ಕದಲ್ಲಿ ನಿಂತಿರುವುದನ್ನು ಈಗಲೂ ಕಾಣಬಹುದು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಸೈನ್ಯಕ್ಕಾಗಿ ವಿಲ್ಲೀಸ್ ಕಂಪೆನಿಯವರು ಕಟ್ಟಿದ ಈ ಬಗೆಯ ಗಾಡಿಯನ್ನು 1940ರ ದಶಕದ ಕೊನೆಯಿಂದ ಮಹೀಂದ್ರ ಕಂಪೆನಿಯವರು ಮುಂಬಯಿಯಲ್ಲಿ ಜೋಡಿಸತೊಡಗಿದರು. ಅಮೆರಿಕದಲ್ಲಿ 1953ರಿಂದ 1968ರವರೆಗೆ ತಯಾರಾದ ಸಿ. ಜೆ. 3ಬಿ ಎಂಬ ಮಾದರಿಯು ಅಲ್ಲಿ ನಿಂತುಹೋದ ಮೇಲೂ ನಮ್ಮ ದೇಶದಲ್ಲಿ ಬಹುಕಾಲ ತಯಾರಾಗುತ್ತಲೇ ಇದ್ದಿತು. ಈ ಜಾತಿಯ ಗಾಡಿಗಳನ್ನು ಇಟ್ಟುಕೊಂಡಿರುವ ಮಹನೀಯರಿಗೆ ಕ್ಲಚ್ಚಿನ ವಿಷಯದಲ್ಲಿ ಕೆಲವು ಸಂಗತಿಗಳನ್ನು ತಿಳಿಸುವುದು ಈ ಲೇಖನದ ಉದ್ದೇಶವು.

ಕೊಯ್ಲಿನ ದಿನಗಳಲ್ಲಿ ಗಾಡಿಯು ಏರು ಹತ್ತದೆ ನಿಂತರೆ, “ಕ್ಲಚ್ಚು ಹೋಯಿತು” ಎಂಬ ಒಂದೇ ಮಾತಿನ ಮೇಲೆ ಗೇರ್ ಬಾಕ್ಸನ್ನು ಇಳಿಸಿಬಿಡುವ ರೂಢಿಯುಂಟು. ಎರಡು ದಿನಗಳ ಕೂಲಿಯೂ ಹೊಸ ಸಾಮಾನಿನ ಹಣವೂ ವೆಚ್ಚವಾದ ಮೇಲೆ, ಒಂದು ನಟ್ಟನ್ನು ತಿರುಗಿಸಿದ್ದರೆ ಸಾಕಾಗಿತ್ತೆಂಬುದು ಗೊತ್ತಾಗುತ್ತದೆ. ಇದಕ್ಕೆ ವಿಪರೀತವಾಗಿ, ಜಾರುತ್ತಿರುವ ಕ್ಲಚ್ಚನ್ನು “ಇನ್ನೊಂದು ತಿಂಗಳು ನಡೆಯಲಿ” ಎಂದು ಬಿಡುವವರೂ ಉಂಟು. ಇದು ಹಣದ ನಷ್ಟಕ್ಕಿಂತಲೂ ಕೆಟ್ಟದ್ದು. ಮೂಟೆಗಳನ್ನೂ ಆಳುಗಳನ್ನೂ ಹೊತ್ತ ಗಾಡಿಯು ಏರಿನ ನಡುವೆ ಮುಂದಕ್ಕೆ ಹೋಗಲಾರದೆ ನಿಂತಾಗ, ಗೇರಿನಲ್ಲಿರಿಸಿ ಎಂಜಿನ್ನಿನ ಬಿಗಿತದಿಂದ ಅದನ್ನು ಹಿಡಿಯೋಣವೆಂದರೆ ಆ ಬಿಗಿತವೂ ಇಲ್ಲವಾಗಿರುತ್ತದೆ. ಹಳೆಯ ಬ್ರೇಕೊಂದೇ ಗತಿಯಾಗುವುದು.

ಕ್ಲಚ್ಚಿನ ರಚನೆಯು ಸರಳವಾದುದು. ಎಂಜಿನ್ನಿನ ಹಿಂದುಗಡೆ ತಿರುಗುವ ಫ್ಲೈವೀಲೆಂಬ ಭಾರವಾದ ಚಕ್ರಕ್ಕೂ, ಅದಕ್ಕೆ ಬೋಲ್ಟುಗಳಿಂದ ಬಿಗಿದ ಪ್ರೆಷರ್ ಪ್ಲೇಟಿಗೂ ನಡುವೆ, ಎರಡು ಮುಖಗಳಿಗೂ ಲೈನಿಂಗನ್ನು ರಿವೆಟ್ಟು ಹೊಡೆದ ತೆಳ್ಳನೆಯ ಕ್ಲಚ್ ಪ್ಲೇಟು ಸಿಕ್ಕಿಕೊಂಡಿರುತ್ತದೆ. ಸ್ಪ್ರಿಂಗುಗಳ ಒತ್ತಡದಿಂದ ಮೂರೂ ಒಂದಾಗಿ ತಿರುಗಿ, ಎಂಜಿನ್ನಿನ ಶಕ್ತಿಯನ್ನು ಗೇರ್ ಬಾಕ್ಸಿಗೆ ಒಯ್ಯುತ್ತವೆ. ಪೆಡಲನ್ನು ತುಳಿದಾಗ ರಿಲೀಸ್ ಬೇರಿಂಗು ಮುಂದೆ ಸರಿದು ಪ್ರೆಷರ್ ಪ್ಲೇಟಿನ ಬೆರಳುಗಳನ್ನು ಒತ್ತಲು, ಹಿಡಿತವು ಬಿಡುತ್ತದೆ.

ಇದರಿಂದ ರೋಗಗಳು ಮುಖ್ಯವಾಗಿ ಎರಡೇ ಎಂಬುದು ಸ್ಪಷ್ಟವು: ಹಿಡಿಯಬೇಕಾದಾಗ ಹಿಡಿಯದಿರುವುದು, ಬಿಡಬೇಕಾದಾಗ ಬಿಡದಿರುವುದು. ಇವೆರಡನ್ನೂ ಒಂದೆಂದು ಭಾವಿಸುವುದರಿಂದಲೇ ಹೆಚ್ಚಿನ ತಪ್ಪುಗಳಾಗುತ್ತವೆ.

ಹಿಡಿಯದ ಕ್ಲಚ್ಚಿನ ಲಕ್ಷಣವೆಂದರೆ, ಏರಿನಲ್ಲಿ ಎಂಜಿನ್ನಿನ ಶಬ್ದವು ಏರುತ್ತದೆ, ಗಾಡಿಯ ವೇಗವು ಏರುವುದಿಲ್ಲ. ಸುಟ್ಟ ವಾಸನೆಯೂ ಬರಬಹುದು. ಸಂದೇಹವಿದ್ದಲ್ಲಿ ಗಾಡಿಯನ್ನು ಮಟ್ಟಸವಾದ ನೆಲದಲ್ಲಿ ನಿಲ್ಲಿಸಿ, ಗಾಲಿಗಳಿಗೆ ಕಲ್ಲು ಕೊಟ್ಟು, ಹ್ಯಾಂಡ್ ಬ್ರೇಕನ್ನು ಬಿಗಿಯಾಗಿ ಎಳೆದು, ಮುಂದೆ ಯಾರೂ ನಿಂತಿಲ್ಲವೆಂದು ನೋಡಿಕೊಂಡು, ಮೇಲಿನ ಗೇರಿಗೆ ಹಾಕಿ ಕ್ಲಚ್ಚನ್ನು ಮೆಲ್ಲಗೆ ಬಿಡತಕ್ಕದ್ದು. ಎಂಜಿನ್ನು ಕೂಡಲೇ ನಿಂತರೆ ಕ್ಲಚ್ಚು ಹಿಡಿಯುತ್ತಿದೆ. ನಿಲ್ಲದೆ ತಿರುಗುತ್ತಲೇ ಇದ್ದರೆ ಜಾರುತ್ತಿದೆ. ಈ ಪರೀಕ್ಷೆಯನ್ನು ಒಂದೆರಡು ಸಲಕ್ಕಿಂತ ಹೆಚ್ಚಾಗಿ ಮಾಡಕೂಡದು. ಉಳಿದಿರುವ ಲೈನಿಂಗೂ ಅದರಿಂದ ಸುಡುವುದು.

ಜಾರುತ್ತದೆಂದು ಖಚಿತವಾದ ಮಾತ್ರಕ್ಕೆ ಗೇರ್ ಬಾಕ್ಸನ್ನು ಇಳಿಸಬೇಕೆಂದಲ್ಲ. ಮೊದಲು ಪೆಡಲನ್ನು ಕೈಯಿಂದ ಒತ್ತಿ ನೋಡಬೇಕು. ಬಿಗಿಯಾಗುವ ಮುನ್ನ ಅದು ಮುಕ್ಕಾಲು ಅಂಗುಲದಿಂದ ಒಂದು ಅಂಗುಲದಷ್ಟು ಸಡಿಲವಾಗಿ ಚಲಿಸತಕ್ಕದ್ದು. ಲೈನಿಂಗು ಸವೆದಂತೆಲ್ಲ ಪ್ರೆಷರ್ ಪ್ಲೇಟಿನ ಬೆರಳುಗಳು ಹಿಂದಕ್ಕೆ ಬಂದು ಈ ಸಡಿಲವನ್ನು ನುಂಗಿಬಿಡುತ್ತವೆ. ಆಗ ಯಾರೂ ತುಳಿಯದಿದ್ದರೂ ಬೇರಿಂಗು ಬೆರಳುಗಳನ್ನು ಒತ್ತುತ್ತಲೇ ಇರುವುದರಿಂದ, ಇನ್ನೂ ಒಂದು ವರ್ಷ ಬಾಳಬಹುದಾದ ಪ್ಲೇಟೂ ಜಾರತೊಡಗುತ್ತದೆ. ಗಾಡಿಯ ಅಡಿಯಲ್ಲಿರುವ ಕಂಬಿಯ ಅಥವಾ ಕೇಬಲ್ಲಿನ ನಟ್ಟನ್ನು ತಿರುಗಿಸಿ ಸಡಿಲವನ್ನು ಮರಳಿ ಪಡೆದು, ಪುನಃ ಪರೀಕ್ಷಿಸಬೇಕು.

ಅನಂತರ ನೋಡತಕ್ಕದ್ದು ಎಣ್ಣೆಯನ್ನು. ಕ್ಲಚ್ಚನ್ನು ಮುಚ್ಚಿರುವ ಗಂಟೆಯಾಕಾರದ ಹೊದಿಕೆಯ ತಳದಲ್ಲಿ ಒಂದು ಸಣ್ಣ ರಂಧ್ರವಿರುತ್ತದೆ. ಅಲ್ಲಿಂದ ಎಣ್ಣೆಯು ತೊಟ್ಟಿಕ್ಕುತ್ತಿದ್ದರೆ, ಎಂಜಿನ್ನಿನ ಹಿಂದಿನ ಸೀಲಿನಿಂದಾಗಲಿ ಗೇರ್ ಬಾಕ್ಸಿನ ಮುಂಭಾಗದಿಂದಾಗಲಿ ಅದು ಒಳಕ್ಕೆ ಬರುತ್ತಿದೆಯೆಂದು ತಿಳಿಯಬೇಕು. ಗೇರ್ ಎಣ್ಣೆಯು ಮಂದವಾಗಿದ್ದು ಗಂಧಕದಂಥ ಘಾಟನ್ನು ಬೀರುವುದರಿಂದ ಮೂಗಿನಿಂದಲೇ ಭೇದವನ್ನು ಕಾಣಬಹುದು. ಎಣ್ಣೆ ಕುಡಿದ ಲೈನಿಂಗನ್ನು ಪೆಟ್ರೋಲಿನಿಂದ ತೊಳೆದು ಮರಳಿ ಹಾಕುವುದು ವ್ಯರ್ಥವು. ಸೋರುವಿಕೆಯನ್ನು ನಿಲ್ಲಿಸದೆ ಹೊಸ ಪ್ಲೇಟನ್ನು ಹಾಕುವುದೂ ಅಷ್ಟೇ ವ್ಯರ್ಥವು. ಈ ಲೇಖಕನ ಗಾಡಿಗೆ ಒಮ್ಮೆ ಹಾಗೆಯೇ ಮಾಡಿ ಕೊಟ್ಟಿದ್ದರು. ಆರು ವಾರಗಳಲ್ಲಿ ಅದೇ ಕೆಲಸವನ್ನು ಅದೇ ಕೂಲಿ ತೆತ್ತು ಎರಡನೆಯ ಸಲ ಮಾಡಿಸಬೇಕಾಯಿತು.

ಇನ್ನು ಬಿಡದ ಕ್ಲಚ್ಚು. ಪೆಡಲನ್ನು ಪೂರ್ತಿ ತುಳಿದು, ಕೆಲವು ಕ್ಷಣ ತಡೆದು, ರಿವರ್ಸ್ ಗೇರಿಗೆ ಹಾಕಿದಾಗ ಹಲ್ಲುಗಳು ಕರಕರನೆ ಅರೆದರೆ ಹಿಡಿತವು ಬಿಡುತ್ತಿಲ್ಲವೆಂದೇ ಅರ್ಥ. ಸಡಿಲವು ಹೆಚ್ಚಾಗಿರುವುದು, ಕೇಬಲ್ಲಿನ ಎಳೆಗಳು ಹರಿದಿರುವುದು, ಕೀಲುಗಳು ಸವೆದಿರುವುದು ಇದಕ್ಕೆ ಕಾರಣಗಳು. ಎಣ್ಣೆಯ ಒತ್ತಡದಿಂದ ನಡೆಯುವ ಈಚಿನ ಮಾದರಿಗಳಲ್ಲಿ ಗಾಳಿಯು ಸೇರಿರಬಹುದು. ಮಳೆಗಾಲದಲ್ಲಿ ಎರಡು ಮೂರು ತಿಂಗಳು ಕದಲದೆ ನಿಂತ ಗಾಡಿಗಳಲ್ಲಿ ಮತ್ತೊಂದು ಕಾರಣವುಂಟು: ಪ್ಲೇಟು ತುಕ್ಕಿನಿಂದ ಫ್ಲೈವೀಲಿಗೆ ಅಂಟಿಕೊಳ್ಳುತ್ತದೆ. ಮಳೆಗಾಲದಲ್ಲಿಯೂ ವಾರಕ್ಕೊಮ್ಮೆ ಗಾಡಿಯನ್ನು ಅಂಗಳದಲ್ಲಾದರೂ ಓಡಿಸಿ, ಹಲವು ಸಲ ಕ್ಲಚ್ಚನ್ನು ತುಳಿದು ಬಿಟ್ಟರೆ ಈ ತೊಂದರೆಯು ಒದಗದು.

ಶಬ್ದದಿಂದಲೂ ದೋಷವನ್ನು ಗುರುತಿಸಬಹುದು. ಪೆಡಲನ್ನು ತುಳಿದೊಡನೆ ಕೀರಲು ಧ್ವನಿಯು ಹುಟ್ಟಿದರೆ ರಿಲೀಸ್ ಬೇರಿಂಗು ಸವೆದಿದೆ. ನ್ಯೂಟ್ರಲಿನಲ್ಲಿ ಕೇಳಿಬರುವ ಮೊರೆತವು ಪೆಡಲನ್ನು ತುಳಿದಾಗ ಅಡಗಿದರೆ, ಅದು ಗೇರ್ ಬಾಕ್ಸಿನ ಬೇರಿಂಗಿನದೇ ಹೊರತು ಕ್ಲಚ್ಚಿನದಲ್ಲ.

ಇಷ್ಟೆಲ್ಲ ನೋಡಿದ ಮೇಲೂ ಜಾರುವಿಕೆಯು ನಿಲ್ಲದಿದ್ದರೆ ಬಿಚ್ಚದೆ ಗತಿಯಿಲ್ಲ. ಜೀಪಿನಲ್ಲಿ ಗೇರ್ ಬಾಕ್ಸೂ, ನಾಲ್ಕು ಗಾಲಿಗಳಿಗೆ ಶಕ್ತಿಯನ್ನು ಹಂಚುವ ಟ್ರಾನ್ಸ್‌ಫರ್ ಕೇಸೂ ಒಂದಕ್ಕೊಂದು ಜೋಡಿಕೊಂಡು ಇಳಿಯಬೇಕಾದುದರಿಂದ ಭಾರವು ಹೆಚ್ಚು. ಒಬ್ಬ ಮೇಸ್ತ್ರಿಯು ಎದೆಯ ಮೇಲೆ ಹೊತ್ತು ಇಳಿಸಲು ಯತ್ನಿಸಕೂಡದು. ಬ್ಯಾಟರಿಯ ತಂತಿಯನ್ನು ಬಿಡಿಸಿ, ಎರಡರ ಎಣ್ಣೆಯನ್ನೂ ಬಸಿದು, ಎರಡು ಪ್ರೊಪೆಲ್ಲರ್ ಷಾಫ್ಟುಗಳನ್ನೂ ಗುರುತು ಹಾಕಿ ಕಳಚಿ, ಎಂಜಿನ್ನಿನ ಅಡಿಗೆ ಮರದ ತುಂಡನ್ನಿಟ್ಟು ಜ್ಯಾಕಿನಿಂದ ಆನಿಸಿ, ಇನ್ನೊಂದು ಜ್ಯಾಕಿನ ಮೇಲೆ ಗೇರ್ ಬಾಕ್ಸನ್ನು ನೇರವಾಗಿ ಹಿಂದಕ್ಕೆ ಎಳೆಯಬೇಕು. ಅದು ಅರ್ಧ ಹೊರಬಂದು ತನ್ನ ಷಾಫ್ಟಿನ ಮೇಲೆಯೇ ತೂಗಾಡಿದರೆ ಪ್ಲೇಟು ಸೊಟ್ಟಗಾಗುತ್ತದೆ. ಜೋಡಿಸುವಾಗ ಹಾಗಾದರೆ ಹೊಸ ಪ್ಲೇಟೇ ಕೆಟ್ಟಂತಾಯಿತು. ಒಳಗಿನ ಕಪ್ಪು ಧೂಳನ್ನು ಬಾಯಿಂದ ಊದಕೂಡದು. ಹಳೆಯ ಲೈನಿಂಗುಗಳಲ್ಲಿ ಕಲ್ನಾರು ಇರುತ್ತಿದ್ದಿತು, ಅದು ಶ್ವಾಸಕೋಶಕ್ಕೆ ಮಾರಕವು. ಒದ್ದೆ ಬಟ್ಟೆಯಿಂದ ಒರೆಸತಕ್ಕದ್ದು.

ಪ್ರೆಷರ್ ಪ್ಲೇಟಿನ ಬೋಲ್ಟುಗಳನ್ನು ಒಂದೊಂದಾಗಿ ಪೂರ್ತಿ ತೆಗೆಯದೆ, ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಸಡಿಲಿಸಬೇಕು. ಇಲ್ಲದಿದ್ದರೆ ಹೊದಿಕೆಯು ಬಾಗುವುದು. ಲೈನಿಂಗು ರಿವೆಟ್ಟಿನ ತಲೆಯವರೆಗೆ ಸವೆದಿದ್ದರೆ ಫ್ಲೈವೀಲಿನ ಮೇಲೆ ಗೀರುಗಳು ಬಿದ್ದಿರುತ್ತವೆ. ಗೀರುಗಳೂ ನೀಲಿ ಕಲೆಗಳೂ ಇದ್ದಲ್ಲಿ ಲೇತಿನಲ್ಲಿ ತೆಳುವಾಗಿ ಕೆತ್ತಿಸಬೇಕು. ಬಿರುಕು ಆಳವಾಗಿದ್ದರೆ ಫ್ಲೈವೀಲನ್ನೇ ಬದಲಿಸಬೇಕು. ಪ್ಲೇಟನ್ನು ಮಾತ್ರ ಬದಲಿಸಿ ಪ್ರೆಷರ್ ಪ್ಲೇಟನ್ನೂ ರಿಲೀಸ್ ಬೇರಿಂಗನ್ನೂ ಹಳೆಯದನ್ನೇ ಉಳಿಸುವ ಮಿತವ್ಯಯವನ್ನು ನಾವು ಒಪ್ಪುವುದಿಲ್ಲ. ಸಾಮಾನಿಗಿಂತ ಬಿಚ್ಚುವ ಶ್ರಮವೇ ದೊಡ್ಡದು. ಫ್ಲೈವೀಲಿನ ನಡುವೆ ಕೂರುವ ಪೈಲಟ್ ಬುಷ್ಷನ್ನೂ, ಸೋರುವ ಸೀಲನ್ನೂ ಅದೇ ಸಮಯದಲ್ಲಿ ಬದಲಿಸತಕ್ಕದ್ದು. ಅಂಗಡಿಯಲ್ಲಿ ಗಾಡಿಯ ಹೆಸರನ್ನು ಹೇಳಿದರೆ ಸಾಲದು. ವರ್ಷಗಳು ಕಳೆದಂತೆ ಈ ಗಾಡಿಗಳಿಗೆ ಬೇರೆ ಎಂಜಿನ್ನನ್ನೂ ಗೇರ್ ಬಾಕ್ಸನ್ನೂ ಕೂರಿಸಿರುವುದು ಸಾಮಾನ್ಯವಾದ ಕಾರಣ, ಹಳೆಯ ಪ್ಲೇಟನ್ನೇ ಒಯ್ದು ಅಗಲವನ್ನೂ ನಡುವಿನ ಹಲ್ಲುಗಳನ್ನೂ ಹೋಲಿಸಿ ಕೊಳ್ಳಬೇಕು.

ಜೋಡಿಸುವಾಗ ಪ್ಲೇಟಿನ ಯಾವ ಮುಖವು ಫ್ಲೈವೀಲಿನ ಕಡೆಗೆಂಬುದನ್ನು ಗುರುತು ನೋಡಿ ಇಡತಕ್ಕದ್ದು. ಹಳೆಯ ಗೇರ್ ಷಾಫ್ಟೊಂದು ಸಿಕ್ಕಿದರೆ ಅದರಿಂದ, ಇಲ್ಲವಾದರೆ ಬಡಗಿಯಿಂದ ಕಡೆಸಿದ ಮರದ ಗೂಟದಿಂದ ಪ್ಲೇಟನ್ನು ನಡುವಿಗೆ ಸರಿಯಾಗಿ ನಿಲ್ಲಿಸಿಕೊಂಡು ಬೋಲ್ಟುಗಳನ್ನು ಬಿಗಿಯಬೇಕು. ಲೈನಿಂಗಿಗೆ ಗ್ರೀಸಿನ ಕೈ ತಾಗಕೂಡದು. ಕೊನೆಗೆ ಪೆಡಲಿನ ಸಡಿಲವನ್ನು ಹೊಸದಾಗಿ ಹೊಂದಿಸಿ, ಮೊದಲ ಕೆಲವು ದಿನ ಹೊರೆಯನ್ನು ಕಡಿಮೆ ಹೇರುವುದು ಒಳ್ಳೆಯದು.

ಕ್ಲಚ್ಚು ಬೇಗನೆ ಸುಡಲು ಚಾಲಕನ ಅಭ್ಯಾಸವೂ ಕಾರಣವು. ಕೆಸರಿನ ಏರಿನಲ್ಲಿ ಮೇಲಿನ ಶ್ರೇಣಿಯಲ್ಲಿಯೇ ಕ್ಲಚ್ಚನ್ನು ಅರೆಬರೆ ಒತ್ತಿಕೊಂಡು ಹತ್ತಿಸುವುದನ್ನು ದಿನವೂ ಕಾಣುತ್ತೇವೆ. ಈ ಗಾಡಿಗೆ ಚಕ್ರಗಳ ಎಳೆಯುವ ಬಲವನ್ನು ಎರಡು, ಎರಡೂವರೆ ಪಾಲು ಹೆಚ್ಚಿಸುವ ಕೆಳಶ್ರೇಣಿಯನ್ನು ಕೊಟ್ಟಿರುವುದು ಇಂಥ ಏರಿಗಾಗಿಯೇ. ಮೂಲ ಮಾದರಿಗಳಲ್ಲಿ ಮುಂದಿನ ಗಾಲಿಗಳ ಲಿವರನ್ನು ಮೊದಲು ಹಾಕಿದ ಬಳಿಕವೇ ಕೆಳಶ್ರೇಣಿಯು ಬೀಳುತ್ತದೆ. ಇದನ್ನರಿಯದೆ ಎಷ್ಟೋ ಮಂದಿ ಆ ಲಿವರು ಕೆಟ್ಟಿದೆಯೆಂದು ಅದನ್ನು ಮುಟ್ಟುವುದನ್ನೇ ಬಿಟ್ಟಿದ್ದಾರೆ. ಗಾಡಿಯನ್ನು ಆಳಿನ ಕೈಗೆ ಕೊಡುವ ಯಜಮಾನರು ಏರಿನ ಬುಡದಲ್ಲಿ ಅದನ್ನು ನಿಲ್ಲಿಸಿ, ಎರಡು ಲಿವರುಗಳನ್ನೂ ಹಾಕುವ ಕ್ರಮವನ್ನು ತಾವೇ ಒಮ್ಮೆ ಮಾಡಿ ತೋರಿಸತಕ್ಕದ್ದು.