ಹೊರರಾಜ್ಯದ ಬೇಟೆ ಯಾರಿಗೆ ಅಗ್ಗ? ಮೊಂಟಾನಾದ ಎಲ್ಕ್, ಬದಿಯಡ್ಕದ ಕಾಡುಹಂದಿ

ನನ್ನ ಸ್ವರ ಕೇಳ್ತಾ ಉಂಟಲ್ವಾ? ಬದಿಯಡ್ಕದಲ್ಲಿ ಮಳೆ, ನಡುವೆ ನೆಟ್‌ವರ್ಕ್ ಹೋದರೆ ಕ್ಷಮಿಸಿ. ರಾಜ್ಯದ ಗಡಿ ದಿನನಿತ್ಯದ ಬದುಕಿಗೆ ಎಲ್ಲಿ ತಾಗುತ್ತದೆ ಎಂಬುದು ಈ ಮಾಲಿಕೆಯ ಪ್ರಶ್ನೆ. ಭಾಷೆ, ಶಾಲೆಗಳ ಬಗ್ಗೆ ಬೇರೆಯವರು ಮಾತಾಡಿ ಆಗಿದೆ. ನಾನು ಬೇಟೆಯನ್ನು ತೆಗೆದುಕೊಂಡಿದ್ದೇನೆ. ಸ್ವಲ್ಪ ದೂರದಿಂದ ಶುರುಮಾಡ್ತೇನೆ.

ಅಮೆರಿಕದಲ್ಲಿ ಎಲ್ಕ್ ಎಂಬ ಜಿಂಕೆ ಉಂಟು, ನಮ್ಮ ಕಡವೆಗಿಂತ ದೊಡ್ಡದು. ಅದರ ಬೇಟೆಗೆ ಇಡೀ ದೇಶಕ್ಕೆ ಒಂದೇ ಪರವಾನಗಿ ಅಂತ ಇಲ್ಲ. ಪ್ರಾಣಿ ಇರುವ ರಾಜ್ಯವೇ ಪರವಾನಗಿ ಕೊಡುತ್ತದೆ. ತನ್ನವರಿಗೆ ಒಂದು ದರ, ಹೊರಗಿನವರಿಗೆ ಇನ್ನೊಂದು. ಹಾಗಾಗಿ ಹೊರರಾಜ್ಯದವನು ಎಲ್ಲಿಗೆ ಹೋದರೆ ಅಗ್ಗ ಎಂದು ಲೆಕ್ಕ ಹಾಕಲೇಬೇಕು. ಅತಿ ಹೆಚ್ಚು ಎಲ್ಕ್ ಇರುವುದು ಕೊಲರಾಡೊದಲ್ಲಿ. ಅಲ್ಲಿ ಹೊರಗಿನವರ ಪರವಾನಗಿಗೆ ಸುಮಾರು 800 ಡಾಲರ್. ಕೆಲವು ಹಂಗಾಮಿಗೆ ಅದು ನೇರವಾಗಿ ಖರೀದಿಗೆ ಸಿಗುತ್ತಿತ್ತು. ಆದರೆ 2025ರಿಂದ ಹೊರರಾಜ್ಯದ ಬಿಲ್ಲುಬೇಟೆಯವರಿಗೆ ಪಶ್ಚಿಮ ಭಾಗದಲ್ಲಿ ಆ ಸೌಕರ್ಯ ನಿಂತಿತು, ಈಗ ಚೀಟಿ ಎತ್ತುತ್ತಾರೆ. ವಯೋಮಿಂಗ್‌ನಲ್ಲಿ ಪಾಯಿಂಟ್ ಕೂಡಿಸಿಕೊಂಡು ವರ್ಷಗಟ್ಟಲೆ ಕಾಯಬೇಕಾಗಬಹುದು. ಮೇಲಾಗಿ ಅಲ್ಲಿ ವನ್ಯಪ್ರದೇಶವೆಂದು ಘೋಷಿಸಿದ ಕಾಡುಗಳಲ್ಲಿ ಮಾರ್ಗದರ್ಶಿಯೋ ಅದೇ ರಾಜ್ಯದ ನಿವಾಸಿಯೋ ಜೊತೆಗಿಲ್ಲದೆ ಹೊರಗಿನವರು ದೊಡ್ಡ ಪ್ರಾಣಿಗಳ ಬೇಟೆ ಆಡುವಂತಿಲ್ಲ. ಚೀಟಿಯ ದರ ನೋಡಿ ಅಗ್ಗ ಅಂದುಕೊಂಡವನಿಗೆ ಆಳಿನ ಸಂಬಳ ಬೇರೆ.

ಇದು ಅನ್ಯಾಯ ಅಂತ ಕೋರ್ಟಿಗೆ ಹೋದವರೂ ಇದ್ದಾರೆ. 1976ರಲ್ಲಿ ಮೊಂಟಾನಾದ ನಿವಾಸಿಗೆ ಎಲ್ಕ್ ಪರವಾನಗಿ 9 ಡಾಲರ್. ಹೊರಗಿನವನಿಗೆ ಎಲ್ಕ್ ಮಾತ್ರ ಸಾಕು ಎಂದರೂ 225 ಡಾಲರ್‌ನ ಸಂಯುಕ್ತ ಪರವಾನಗಿಯನ್ನೇ ಕೊಳ್ಳಬೇಕಿತ್ತು. 1978ರಲ್ಲಿ ಬಾಲ್ಡ್‌ವಿನ್ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ರಾಜ್ಯದ ಪರವಾಗಿ ತೀರ್ಪು ಕೊಟ್ಟಿತು. ಕಾರಣ ಗಮನಿಸಿ: ಹೊರಗಿನವರಿಗೆ ಎಲ್ಕ್ ಬೇಟೆ ಒಂದು ವಿನೋದ, ಹೊಟ್ಟೆಪಾಡಲ್ಲ. ಈ ಮಾತನ್ನು ನಾನು ಮನೆಗೆ ತರುತ್ತೇನೆ.

ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಯನ್ನು ನಿಷೇಧಿಸಿದೆ. ಆದರೆ 11ನೇ ಕಲಮಿನ ಪ್ರಕಾರ ಬೆಳೆಗೆ ಅಪಾಯ ತರುವ ಕಾಡುಹಂದಿಯನ್ನು ಕೊಲ್ಲಲು ಮುಖ್ಯ ವನ್ಯಜೀವಿ ವಾರ್ಡನ್ ಅಥವಾ ಅವರು ಅಧಿಕಾರ ಕೊಟ್ಟವರು ಅನುಮತಿಸಬಹುದು. ಕೇರಳ ಸರ್ಕಾರ 2022ರ ಮೇಯಲ್ಲಿ ಈ ಅಧಿಕಾರವನ್ನು ಪಂಚಾಯತ್ ಅಧ್ಯಕ್ಷರವರೆಗೆ ಇಳಿಸಿತು. ಪರವಾನಗಿ ಇರುವ ಕೋವಿಯವರೇ ಗುಂಡು ಹಾರಿಸಬೇಕು. ವಿಷ, ಸ್ಫೋಟಕ, ಕರೆಂಟು ಕೂಡದು. ಕಾಡಿನೊಳಗೆ ಇದು ಅನ್ವಯಿಸುವುದಿಲ್ಲ. 2025ರಲ್ಲಿ ಹಂದಿ ಒಂದಕ್ಕೆ ಹೊಡೆದವರಿಗೆ 1,500 ರೂಪಾಯಿ, ಹೂಳುವುದಕ್ಕೆ 2,000 ರೂಪಾಯಿ ಎಂದು ನಿಗದಿಯಾಯಿತು. ಮೊಂಟಾನಾದಲ್ಲಿ ಬೇಟೆಗಾರ ಸರ್ಕಾರಕ್ಕೆ ಕೊಡುತ್ತಾನೆ, ಇಲ್ಲಿ ಸರ್ಕಾರ ಬೇಟೆಗಾರನಿಗೆ ಕೊಡುತ್ತದೆ. ಅಲ್ಲಿ ಪ್ರಾಣಿ ಆಸ್ತಿ, ಇಲ್ಲಿ ಉಪದ್ರ. ಕರ್ನಾಟಕದಲ್ಲಿ ಅನುಮತಿಯ ಅಧಿಕಾರ ಪಂಚಾಯತಿಗೆ ಇಳಿದಿಲ್ಲ, ಅರಣ್ಯ ಇಲಾಖೆಯಲ್ಲೇ ಉಂಟು.

ಚೆರ್ಕಳ–ಕಲ್ಲಡ್ಕ ರಸ್ತೆಯಲ್ಲಿ ಬದಿಯಡ್ಕ, ಪೆರ್ಲ ದಾಟಿ ಅಡ್ಕಸ್ಥಳಕ್ಕೆ ಬಂದರೆ ಕೇರಳ ಮುಗಿಯಿತು, ಆಚೆ ಸಾರಡ್ಕ ಕರ್ನಾಟಕ. ಗಡಿಯ ಹತ್ತಿರ ನಮ್ಮ ಚಿಕ್ಕಪ್ಪನ ತೋಟ. ಅವರ ಭಾವನ ತೋಟ ಆಚೆ ಬದಿಯಲ್ಲಿ. ಒಂದೇ ರಾತ್ರಿ ಹಂದಿಗಳು ಚಿಕ್ಕಪ್ಪನ ನಲ್ವತ್ತು ಅಡಿಕೆ ಸಸಿ ಮಗುಚಿ, ಸುವರ್ಣಗೆಡ್ಡೆಯ ಸಾಲನ್ನೆಲ್ಲ ಉತ್ತುಹಾಕಿದ್ದವು.

"ಭಾವಾ, ನಿಮ್ಮಲ್ಲಿ ಕೋವಿ ಉಂಟಲ್ಲ, ಒಮ್ಮೆ ಬನ್ನಿ" ಎಂದರು ಚಿಕ್ಕಪ್ಪ.

"ಬರುವುದಕ್ಕೇನು? ಕೇಸಾದ್ರೆ ಈ ವರ್ಷದ ಅಡಿಕೆ ಮಾರಿ ವಕೀಲರಿಗೆ ಕೊಡ್ಬೇಕು, ಅಷ್ಟೆ" ಎಂದರು ಭಾವ.

ಅವರು ಹೇಳಿದ್ದು ಸರಿ. ಕೋವಿಯ ಪರವಾನಗಿಯಲ್ಲೇ ಅದು ಎಲ್ಲಿಯವರೆಗೆ ಊರ್ಜಿತ ಎಂದು ಬರೆದಿರುತ್ತದೆ. ಇಡೀ ದೇಶಕ್ಕೆ ಇದ್ದರೂ ಹಂದಿ ಹೊಡೆಯುವ ಅನುಮತಿ ಬೇರೆಯೇ ಬೇಕು, ಅದನ್ನು ಕೊಡುವುದು ಹಂದಿ ನಿಂತ ನೆಲದ ರಾಜ್ಯ. ಇನ್ನೂರು ಮಾರು ದೂರದ ಭಾವ ಬರುವಂತಿಲ್ಲ. ಪಟ್ಟಿಯಲ್ಲಿದ್ದ ಕೋವಿಯವರು ಬೇರೆ ಊರಿನಿಂದ ಬರುವಾಗ ಒಂಬತ್ತು ದಿನ ಕಳೆದಿತ್ತು. ಹಂದಿ ಅಷ್ಟು ದಿನ ಕಾಯ್ತದಾ ಮಾರಾಯರೆ? ಅದು 1956ರ ನವೆಂಬರ್ 1ನ್ನೂ ಓದಿಲ್ಲ, ಮಹಾಜನ ವರದಿಯನ್ನೂ ಓದಿಲ್ಲ.

ನನ್ನ ವಾದ ಇಷ್ಟೆ. ವಿನೋದದ ಬೇಟೆಗೆ ಗಡಿ ಹಾಕುವುದನ್ನು ನಾನು ಒಪ್ಪುತ್ತೇನೆ. ಕೊಲರಾಡೊ ಆಗದಿದ್ದರೆ ಇನ್ನೊಂದು ರಾಜ್ಯ, ಇಲ್ಲದಿದ್ದರೆ ಮುಂದಿನ ವರ್ಷ. ರೈತನಿಗೆ ಆ ಆಯ್ಕೆ ಇಲ್ಲ, ಅವನ ರಾಜ್ಯವನ್ನು ಅವನ ಸರ್ವೆ ನಂಬರೇ ಆರಿಸಿಬಿಟ್ಟಿದೆ. ಬಾಲ್ಡ್‌ವಿನ್ ತೀರ್ಪಿನ ತರ್ಕವನ್ನೇ ಹಿಡಿದರೂ, ಹೊಟ್ಟೆಪಾಡಿನ ಪ್ರಶ್ನೆ ಬಂದಲ್ಲಿ ಹೊರಗಿನವನು ಎಂಬ ಭೇದಕ್ಕೆ ಬಲ ಕಡಿಮೆ. ಗಡಿಗೆ ತಾಗಿದ ಪಂಚಾಯತಿಗಳ ಮಟ್ಟಿಗೆ, ಆಚೆ ಬದಿಯ ಕೋವಿಯವರನ್ನೂ ಎರಡೂ ರಾಜ್ಯಗಳು ಒಪ್ಪಿ ಪಟ್ಟಿಗೆ ಸೇರಿಸಬಹುದು.

ಚಾಟಿನಲ್ಲಿ ಒಬ್ಬರು ಕೇಳಿದ್ದಾರೆ, ಚುನಾವಣೆಯ ಕಾಲಕ್ಕೆ ಏನು ಅಂತ. ಒಳ್ಳೆಯ ಪ್ರಶ್ನೆ, ನಾನೇ ಬಿಟ್ಟಿದ್ದೆ. ಆಗ ಕೋವಿಗಳನ್ನು ಠಾಣೆಯಲ್ಲಿ ಠೇವಣಿ ಇಡಿಸುತ್ತಾರೆ. ಎರಡು ರಾಜ್ಯಗಳ ವಿಧಾನಸಭಾ ಚುನಾವಣೆ ಬೇರೆ ಬೇರೆ ವರ್ಷ: ಕೇರಳದ್ದು 2021ರ ಏಪ್ರಿಲ್, ಕರ್ನಾಟಕದ್ದು 2023ರ ಮೇ. ಒಂದು ಬದಿಯ ಕೋವಿ ಠಾಣೆಯಲ್ಲಿರುವಾಗ ಇನ್ನೊಂದು ಬದಿಯದು ಮನೆಯ ಗೋಡೆಯಲ್ಲಿ ತೂಗಿಕೊಂಡಿರುತ್ತದೆ. ಚಿಕ್ಕಪ್ಪ ಈ ಸಲ ಸುವರ್ಣಗೆಡ್ಡೆ ಹಾಕಲಿಲ್ಲ.