ಗಣಕಯಂತ್ರವನ್ನೂ ಕೂಡಿ ಕಲಿಯೋಣ



ಭತ್ತದ ಹುಲ್ಲಿಗೆ ಯೂರಿಯಾ ಉಪಚಾರ ಮಾಡಿರೆಂದು ಶಹಾಪುರ, ಸುರಪುರದ ಕಾಲುವೆ ಭಾಗದ ಹಳ್ಳಿಗಳಲ್ಲಿ ಬರೀ ಬಾಯಿಮಾತಿನಲ್ಲಿ ಹೇಳಿದಾಗ ಬಹಳ ಜನ ನಂಬಲಿಲ್ಲ. 100 ಕೆ.ಜಿ. ಹುಲ್ಲಿಗೆ 4 ಕೆ.ಜಿ. ಯೂರಿಯಾ ತೂಗಿ, ನೀರಿನಲ್ಲಿ ಕರಗಿಸಿ, ಎಲ್ಲರೆದುರು ಸಿಂಪಡಿಸಿ, ಗಾಳಿಯಾಡದಂತೆ ಮುಚ್ಚಿಟ್ಟು, 21 ದಿನಗಳ ನಂತರ ತೆಗೆದು ದನಗಳಿಗೆ ಹಾಕಿ ತೋರಿಸಿದ ಮೇಲೆಯೇ ನಂಬಿಕೆ ಬಂತು. ಸಂಘದ ಮೇಜಿನ ಮೇಲಿರುವ ಗಣಕಯಂತ್ರದ ವಿಷಯವೂ ಹಾಗೆಯೇ. ಅದನ್ನು ಕೇಳಿ ಕಲಿಯುವುದು ಕಷ್ಟ, ಕೂಡಿ ನೋಡಿದರೆ ಸುಲಭ.

ಯಾದಗಿರಿ ಸಮೀಪದ ಒಂದು ಸಂಘದಲ್ಲಿ ಸದಸ್ಯೆಯೊಬ್ಬರು ನನ್ನ ಕೈಗೆ ಚೀಟಿ ಕೊಟ್ಟು, "ಡಾಕ್ಟರೇ, ನಂದು ಎಮ್ಮಿ ಹಾಲು, ರೊಕ್ಕ ಯಾಕ ಕಡಿಮಿ ಬರ್ತದ?" ಎಂದು ಕೇಳಿದರು. ಪರದೆಯ ಮೇಲೆ ನೋಡಿದರೆ ಅವರ ಹೆಸರಿನ ಮುಂದೆ 'ಹಸು' ಎಂದು ದಾಖಲಾಗಿತ್ತು. ಎಮ್ಮೆಯ ಹಾಲಿನ ದರಪಟ್ಟಿಯೇ ಬೇರೆ. ಯಾರೂ ಮೋಸ ಮಾಡಿರಲಿಲ್ಲ, ಒಂದು ಕೀಲಿ ತಪ್ಪಾಗಿ ಒತ್ತಲ್ಪಟ್ಟಿತ್ತು. ಆದರೆ ಎಂಟು ದಿನ ಆ ತಪ್ಪು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಗಣಕಯಂತ್ರ ಲೆಕ್ಕ ತಪ್ಪುವುದಿಲ್ಲ, ನಿಜ. ಆದರೆ ತನ್ನೊಳಗೆ ತಪ್ಪು ಹಾಕಿದ್ದಾರೆಂಬುದು ಅದಕ್ಕೆ ಗೊತ್ತಾಗುವುದಿಲ್ಲ.

ಗಣಕಯಂತ್ರವನ್ನು ಜನ ಕೂಡಿ ಕಲಿತದ್ದು ಹೊಸದೇನಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾದ ಮೆನ್ಲೋ ಪಾರ್ಕ್ ಎಂಬಲ್ಲಿ 1975ರ ಮಾರ್ಚ್ 5ರಂದು ಕೆಲವು ಆಸಕ್ತರು ಒಬ್ಬರ ಮನೆಯ ಕಾರು ನಿಲ್ಲಿಸುವ ಕೊಠಡಿಯಲ್ಲಿ ಸೇರಿ 'ಹೋಂಬ್ರೂ ಕಂಪ್ಯೂಟರ್ ಕ್ಲಬ್' ಆರಂಭಿಸಿದರು. ಒಬ್ಬರು ತಾವು ಮಾಡಿದ್ದನ್ನು ತಂದು ತೋರಿಸುವುದು, ಉಳಿದವರು ಪ್ರಶ್ನೆ ಕೇಳುವುದು, ಗೊತ್ತಿದ್ದನ್ನು ಬಚ್ಚಿಡದೆ ಹಂಚುವುದು: ಇದೇ ಅವರ ಪದ್ಧತಿ. ಸ್ಟೀವ್ ವೋಜ್ನಿಯಾಕ್ ತಮ್ಮ ಮೊದಲ ಆ್ಯಪಲ್ ಗಣಕವನ್ನು ತೋರಿಸಿದ್ದು ಈ ಕೂಟದಲ್ಲಿಯೇ. ನಮ್ಮ ರಾಜ್ಯದಲ್ಲಿಯೂ ಆಸಕ್ತರು ಒಂದಾಗಿ ಕಟ್ಟಿದ ಕನ್ನಡ ಗಣಕ ಪರಿಷತ್ತು 'ನುಡಿ' ತಂತ್ರಾಂಶವನ್ನು ರೂಪಿಸಿತು. ಅದು ಜನರಿಗೆ ಉಚಿತವಾಗಿ ದೊರೆಯಿತು. ಕೂಡಿ ದುಡಿಯುವುದು ನಮಗೆ ಹೊಸತೇ? ಸಹಕಾರ ಸಂಘವೆಂದರೆ ಅದೇ ಅಲ್ಲವೇ?

ಆದ್ದರಿಂದ ಪ್ರತಿ ಸಂಘದಲ್ಲಿ ತಿಂಗಳಿಗೊಮ್ಮೆ, ಬೆಳಗಿನ ಹಾಲು ಅಳೆದ ಮೇಲೆ ಅರ್ಧ ಗಂಟೆ ಇಂಥದೊಂದು ಕೂಟ ನಡೆಸಬಹುದು. ಕಾರ್ಯದರ್ಶಿಗಳು ಪರದೆಯನ್ನು ಸದಸ್ಯರ ಕಡೆಗೆ ತಿರುಗಿಸಿ, ಈ ಕೆಳಗಿನವುಗಳನ್ನು ಒಂದೊಂದಾಗಿ ತೋರಿಸಲಿ.

1. ಚೀಟಿ ಓದುವುದು: ಸದಸ್ಯರ ಸಂಖ್ಯೆ, ಹಸುವೋ ಎಮ್ಮೆಯೋ, ಪ್ರಮಾಣ, ಜಿಡ್ಡು, ಜಿಡ್ಡೇತರ ಘನಾಂಶ, ದರ, ಮೊತ್ತ. ಮೊದಲಿನ ಎರಡು ತಪ್ಪಿದರೆ ಉಳಿದ ಲೆಕ್ಕವೆಲ್ಲ ವ್ಯರ್ಥ.

2. ಕೆ.ಜಿ. ಮತ್ತು ಲೀಟರು: ಒಂದು ಲೀಟರ್ ಹಾಲು ಸುಮಾರು 1.03 ಕೆ.ಜಿ. ತೂಗುತ್ತದೆ. ತಕ್ಕಡಿಯಲ್ಲಿ 10 ಕೆ.ಜಿ. ಕಂಡು ಚೀಟಿಯಲ್ಲಿ 9.7 ಲೀಟರ್ ಬಂದರೆ ಅದು ಕಡಿತವಲ್ಲ. ಇದನ್ನು ಒಮ್ಮೆ ತೂಗಿ ತೋರಿಸಿದರೆ ಅನುಮಾನ ಹೋಗುತ್ತದೆ.

3. ಮಾದರಿ ತೆಗೆಯುವುದು: ನಿಂತ ಹಾಲಿನಲ್ಲಿ ಜಿಡ್ಡು ಮೇಲೆ ಬರುತ್ತದೆ. ಒಂದೇ ಕ್ಯಾನಿನ ಹಾಲನ್ನು ಕಲಕದೆ ಒಮ್ಮೆ, ಚೆನ್ನಾಗಿ ಕಲಕಿ ಒಮ್ಮೆ ಯಂತ್ರಕ್ಕೆ ಕೊಟ್ಟು ವ್ಯತ್ಯಾಸ ನೋಡಿರಿ. ನೊರೆ ಇದ್ದರೂ, ಯಂತ್ರ ತೊಳೆಯದಿದ್ದರೂ ಅಂಕಿ ತಪ್ಪುತ್ತದೆ.

4. ಮೊಬೈಲು: ರಾಷ್ಟ್ರೀಯ ಡೇರಿ ಅಭಿವೃದ್ಧಿ ಮಂಡಳಿಯ 'ಪಶು ಪೋಷಣ್' ತಂತ್ರಾಂಶ ದನದ ಹಾಲು, ತೂಕ ಮತ್ತು ಮನೆಯಲ್ಲಿರುವ ಮೇವನ್ನು ನೋಡಿ ಸಮತೋಲನ ಆಹಾರ ಸೂಚಿಸುತ್ತದೆ. ಕಣಕಿ, ಶೇಂಗಾ ಹಿಂಡಿಯ ಲೆಕ್ಕವನ್ನು ಒಂದು ಆಕಳಿಗೆ ಎಲ್ಲರೆದುರು ಹಾಕಿ ನೋಡಿರಿ.

ಕಲಿತ ಯುವಕ, ಯುವತಿಯರು ಓದಲು ಬಾರದ ಹಿರಿಯರಿಗೆ ಚೀಟಿ ಓದಿ ಹೇಳಬೇಕು. ಹಾಗೆಂದು ಬ್ಯಾಂಕಿನ ಗುಪ್ತ ಸಂಖ್ಯೆಯನ್ನಾಗಲಿ, ಮೊಬೈಲಿಗೆ ಬರುವ ಓಟಿಪಿಯನ್ನಾಗಲಿ ಯಾರಿಗೂ ಹೇಳಕೂಡದು. ಕೂಟದಲ್ಲಿ ಹಂಚಬೇಕಾದದ್ದು ತಿಳಿವಳಿಕೆ, ಗುಟ್ಟಲ್ಲ.

ಮೇಲೆ ಹೇಳಿದ ಸದಸ್ಯೆಯ ದಾಖಲೆಯನ್ನು ಅಂದೇ ಸರಿಪಡಿಸಲಾಯಿತು, ಬಾಕಿ ಹಣವೂ ಮುಂದಿನ ಬಟವಾಡೆಯಲ್ಲಿ ಸೇರಿತು. ಈಗ ಅವರು ಚೀಟಿ ಕೈಗೆ ಬಂದ ಕೂಡಲೇ ಮಗಳಿಂದ ಓದಿಸಿಕೊಂಡೇ ಮನೆಗೆ ಹೋಗುತ್ತಾರೆ. ತಾವೂ ನಾಳೆಯ ಚೀಟಿಯಿಂದಲೇ ಆರಂಭಿಸಿರಿ.