ಹುಳ ಸಾಯಲು ನಾಲ್ಕು ದಿನ, ಅಲ್ಲಿಯತನಕ ತಾಳ್ಮೆ ಯಾರಿಗಿದೆ?

ಕಲಬುರಗಿ: ತೊಗರಿ ಹೂವಿಗೆ ಬಂತೆಂದರೆ ಔಷಧ ಅಂಗಡಿಗಳ ಮುಂದೆ ಕೇಳುವುದು ಒಂದೇ ಮಾತು. “ಸಾವಕಾರ್ರ, ಸಂಜೀಕ ಹೊಡದ್ರ ಮುಂಜಾನಿ ಹುಳ ಉದುರಿರಬೇಕು. ಅಂಥಾ ಎಣ್ಣಿ ಕೊಡ್ರಿ.”

ಹೀಗೆ ಕೇಳುವವನ ಕೈಗೆ ಎನ್.ಪಿ.ವಿ. ಬಾಟಲಿ ಕೊಟ್ಟರೆ ಜಗಳ ಖಾತ್ರಿ. ಅದು ವಿಷವಲ್ಲ, ಕಾಯಿಕೊರಕ ಹುಳಕ್ಕೆ ರೋಗ ತರುವ ನಂಜಾಣು. ಎಲೆ, ಹೂವಿನ ಜೊತೆ ಹುಳದ ಹೊಟ್ಟೆ ಸೇರಿ ಅಲ್ಲಿ ಬೆಳೆಯಬೇಕು. ಹುಳ ಸಾಯಲು ನಾಲ್ಕರಿಂದ ಏಳು ದಿನ. ಸತ್ತದ್ದು ಗಿಡದ ತುದಿಗೆ ತಲೆಕೆಳಗಾಗಿ ಜೋತುಬೀಳುತ್ತದೆ. ಅದನ್ನು ಕಾಣುವಷ್ಟರಲ್ಲಿ ಎಷ್ಟೋ ರೈತರು ರಾಸಾಯನಿಕ ಹೊಡೆದು ಮುಗಿಸಿರುತ್ತಾರೆ!

ಕೆಲಸ ಮಾಡುತ್ತದೆಯೇ? ಮಾಡುತ್ತದೆ, ಆದರೆ ನಖರಾ ಬಹಳ. ಹುಳ ಸಣ್ಣದಿರುವಾಗಲೇ ಹೊಡೆಯಬೇಕು. ಬಲಿತದ್ದು ಜಗ್ಗುವುದಿಲ್ಲ, ಕಾಯಿ ತಿಂದೇ ತೀರುತ್ತದೆ. ಬಿಸಿಲಿಗೆ ನಂಜಾಣು ಸತ್ತ್ವ ಕಳೆದುಕೊಳ್ಳುವುದರಿಂದ ಹೊತ್ತು ಇಳಿದ ಮೇಲೆಯೇ ಸಿಂಪಡಣೆ. ಎಕರೆಗೆ 100 ಎಲ್.ಇ., ಅಂದರೆ ರೋಗ ಬಂದು ಸತ್ತ ನೂರು ಹುಳಗಳಿಂದ ಸಿಗುವಷ್ಟು ನಂಜಾಣು, ಜೊತೆಗೆ ಒಂದಿಷ್ಟು ಬೆಲ್ಲ. (ಅಂಗಡಿ ಮುಂದೆ ಬಿಸಿಲಿಗೆ ಸಾಲಾಗಿ ಜೋಡಿಸಿಟ್ಟ ಬಾಟಲಿಗಳ ಗತಿ ಏನು? ಅಂಗಡಿಯವರೇ ಹೇಳಲಿ.)

ರಾಸಾಯನಿಕವೇ ಸಾಕು ಎನ್ನುವವರು 1997-98ರ ಹಂಗಾಮು ನೆನೆಯಲಿ. ಕಲಬುರಗಿ, ಬೀದರ ಸೀಮೆಯಲ್ಲಿ ಹುಳ ತೊಗರಿಯನ್ನು ಬೋಳಿಸಿತು. ಮೇಲಿಂದ ಮೇಲೆ ಹೊಡೆದರೂ ಬಗ್ಗಲಿಲ್ಲ, ಬೆಳೆದದ್ದು ಸಾಲ ಮಾತ್ರ. ಬೀದರ ಜಿಲ್ಲೆಯಲ್ಲಿ ರೈತರು ಜೀವ ಕಳೆದುಕೊಂಡರು.

ಎನ್.ಪಿ.ವಿ.ಯಿಂದ ಮನುಷ್ಯರಿಗಾಗಲಿ ದನಕರುಗಳಿಗಾಗಲಿ ತೊಂದರೆಯಿಲ್ಲ. ಅಪಾಯ ಬರುವುದು ಬಾಟಲಿಯೊಳಗೆ ಬೇರೇನೋ ಇದ್ದಾಗ. ‘ಜೈವಿಕ’ ಎಂದು ಚೀಟಿ ಅಂಟಿಸಿ ಒಳಗೆ ರಾಸಾಯನಿಕ ಬೆರೆಸಿದ ಮಾಲು ದೇಶದಲ್ಲಿ ಸಿಕ್ಕಿಬಿದ್ದದ್ದುಂಟು. “ಜೈವಿಕ ಅದ ಅಲ್ಲೇನ್ರಿ” ಎಂದು ರೈತ ಮೂಗಿಗೆ ಬಟ್ಟೆ ಕಟ್ಟದೆ ಬರಿಗೈಯಲ್ಲೇ ಕಲಸುತ್ತಾನೆ. ಮರುದಿನ ಹಸಿ ತೊಗರಿಕಾಯಿಯ ಬುಟ್ಟಿ ಬಸ್ಸು ಹತ್ತುತ್ತದೆ. ಸ್ಟ್ಯಾಂಡಿನಲ್ಲಿ ಕೊಂಡು ಸುಲಿದು ತಿನ್ನುವವರಿಗೆ ಇದರ ಸುದ್ದಿ ಎಲ್ಲಿಂದ ತಿಳಿಯಬೇಕು?

ಒಂದು ಗುರುತು ಉಂಟು. ಎನ್.ಪಿ.ವಿ. ಎಂದು ಕೊಟ್ಟದ್ದು ತಾಸಿನೊಳಗೆ ಹುಳ ಕೆಡವಿದರೆ ಖುಷಿಪಡುವಂತಿಲ್ಲ, ಅದು ನಂಜಾಣುವಿನ ಕೆಲಸವೇ ಅಲ್ಲ. 1968ರ ಕೀಟನಾಶಕ ಕಾಯ್ದೆಯಡಿಯ ನೋಂದಣಿ ಸಂಖ್ಯೆ, ತಯಾರಾದ ದಿನ, ಅವಧಿ ಮುಗಿಯುವ ದಿನ ಬಾಟಲಿಯ ಮೇಲಿರಬೇಕು. “ಇದಕ್ಯಾಕ್ರಿ ರಸೀದಿ?” ಎನ್ನುವ ಅಂಗಡಿಯಿಂದ ಬರಿಗೈಯಲ್ಲಿ ಬಂದರೂ ನಷ್ಟವಿಲ್ಲ.

ಯಾವ ಬಾಟಲಿಯ ಸಹವಾಸವೂ ಬೇಡವೆಂದವರು ಗಿಡದ ಕೆಳಗೆ ತಾಡಪತ್ರಿ ಹಾಸಿ ಅಲುಗಿಸುತ್ತಾರೆ. ಆಳು ಬೇಕು, ಹೊತ್ತು ಬೇಕು. ಬಿದ್ದ ಹುಳಕ್ಕೆ ಕೋಳಿಗಳು ಕಾದಿರುತ್ತವೆ.